ಪೆಡಲ್ ಮೆಲ್ಲಗೆ ಕೆಳಗಿಳಿಯುತ್ತಿದೆ: ಮಾಸ್ಟರ್ ಸಿಲಿಂಡರ್ ಮನೆಯಲ್ಲೇ ಬದಲಾಯಿಸಬಹುದಾ?

ಪ್ರಶ್ನೆ: ನಮ್ಮದು 2009ರ ಆಲ್ಟೊ. ಮುಂದೆ ಡಿಸ್ಕ್, ಹಿಂದೆ ಡ್ರಮ್, ಬೂಸ್ಟರ್ ಇದೆ, ಎಬಿಎಸ್ ಇಲ್ಲ. ಊರು ಮೂಡಿಗೆರೆ ಹತ್ತಿರ. ತಿಂಗಳ ಹಿಂದೆ ಮುಂದಿನ ಬ್ರೇಕ್ ಪ್ಯಾಡ್ ನಾನೇ ಬದಲಾಯಿಸಿದೆ. ಕ್ಯಾಲಿಪರ್ ಪಿಸ್ಟನ್ ಒಳಗೆ ತಳ್ಳಿ ಪ್ಯಾಡ್ ಕೂರಿಸಿದೆ, ಆಮೇಲೆ ಪೆಡಲನ್ನು ಹತ್ತು ಸಲ ಕೆಳಗಿನವರೆಗೂ ತುಳಿದೆ. ಒಂದು ವಾರದಿಂದ ಗಾಡಿ ನಿಲ್ಲಿಸಿ ಪೆಡಲ್ ಮೇಲೆ ಕಾಲಿಟ್ಟುಕೊಂಡರೆ ಅದು ಮೆಲ್ಲಗೆ ಕೆಳಗೆ ಹೋಗುತ್ತದೆ. ಮತ್ತೊಮ್ಮೆ ತುಳಿದರೆ ಸರಿಯಾಗುತ್ತದೆ. ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಇಳಿದಿಲ್ಲ, ಚಕ್ರಗಳ ಹತ್ತಿರ ಒದ್ದೆಯಿಲ್ಲ. ಮಾಸ್ಟರ್ ಸಿಲಿಂಡರ್ ಹೋಗಿದೆ, ರಬ್ಬರ್ ಕಿಟ್ ಹಾಕಿದರೆ ಸಾಕು ಎಂದು ಗ್ಯಾರೇಜಿನಲ್ಲಿ ಹೇಳಿದರು. ಕಿಟ್ ಸಾಕಾ? ಮಗನ ಜೊತೆ ಸೇರಿ ಮನೆಯಲ್ಲೇ ಮಾಡಬಹುದಾ? ಮುಂದಿನ ವಾರ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗುವುದಿದೆ.

ಉತ್ತರ: ಮೊದಲು ಕೊನೆಯ ಮಾತಿಗೆ ಉತ್ತರ ಕೊಡುತ್ತೇನೆ. ಈ ಸ್ಥಿತಿಯಲ್ಲಿ ಗಾಡಿಯನ್ನು ಘಾಟಿಗೆ ಇಳಿಸಬೇಡಿ. ಪೇಟೆಗೂ ತೆಗೆದುಕೊಂಡು ಹೋಗಬೇಡಿ. ಇವತ್ತು ಎರಡನೇ ತುಳಿತಕ್ಕೆ ಹಿಡಿಯುವ ಬ್ರೇಕು ನಾಳೆ ಕೊಟ್ಟಿಗೆಹಾರ ದಾಟಿದ ಮೇಲಿನ ತಿರುವಿನಲ್ಲಿ ಮೂರನೇ ತುಳಿತ ಕೇಳಬಹುದು. ಅಲ್ಲಿ ಅಷ್ಟು ಹೊತ್ತು ಇರುವುದಿಲ್ಲ.

ಇನ್ನು ಕಾಯಿಲೆ. ನೀವು ಬರೆದದ್ದು ಅಚ್ಚುಕಟ್ಟಾಗಿದೆ, ಅದರಲ್ಲೇ ಅರ್ಧ ಉತ್ತರ ಇದೆ. ಆಯಿಲ್ ಇಳಿದಿಲ್ಲ, ಎಲ್ಲೂ ಸೋರಿಲ್ಲ, ಆದರೂ ಪೆಡಲ್ ಇಳಿಯುತ್ತದೆ. ಪೆಡಲ್ ತುಳಿದಾಗ ಆಯಿಲನ್ನು ಚಕ್ರಗಳ ಕಡೆಗೆ ದಬ್ಬುವುದು ಮಾಸ್ಟರ್ ಸಿಲಿಂಡರ್. ಅಂದರೆ ಆಯಿಲ್ ಹೊರಗೆ ಹೋಗುತ್ತಿಲ್ಲ, ಆ ಸಿಲಿಂಡರಿನ ಒಳಗೇ ಪಿಸ್ಟನ್ ಸುತ್ತ ನುಸುಳಿ ಹಿಂದಕ್ಕೆ ಬರುತ್ತಿದೆ. ಪಿಸ್ಟನ್ ತಲೆಯಲ್ಲಿ ಬಟ್ಟಲಿನ ಆಕಾರದ ಒಂದು ರಬ್ಬರ್ ಇರುತ್ತದೆ. ಎಲ್ಲರೂ ಕಪ್ ಅಂತಾರೆ. ನೀವು ತುಳಿದಾಗ ಅದರ ತೆಳ್ಳಗಿನ ಅಂಚು ಬೋರಿನ, ಅಂದರೆ ಸಿಲಿಂಡರಿನ ಒಳ ಕೊಳವೆಯ, ಗೋಡೆಗೆ ಒತ್ತಿಕೊಂಡು ಆಯಿಲನ್ನು ಮುಂದಕ್ಕೆ ದಬ್ಬಬೇಕು. ಆ ಅಂಚು ಹರಿದಿದ್ದರೆ ಅಥವಾ ಸವೆದಿದ್ದರೆ ಆಯಿಲ್ ಪಕ್ಕದಿಂದ ಜಾರುತ್ತದೆ.

ಖಚಿತ ಮಾಡಿಕೊಳ್ಳಲು ಒಂದು ಪರೀಕ್ಷೆ. ಎಂಜಿನ್ ಬಂದ್ ಮಾಡಿ, ಪೆಡಲನ್ನು ನಾಲ್ಕೈದು ಸಲ ತುಳಿದು, ಕಾಲಿನ ಒತ್ತಿಗೆ ಬಲ ಸೇರಿಸುವ ಬೂಸ್ಟರಿನ ವ್ಯಾಕ್ಯೂಮ್ ಖಾಲಿ ಮಾಡಿ. ಈಗ ಹಗುರವಾಗಿ, ಮೊಟ್ಟೆ ಒಡೆಯದ ಹಾಗೆ, ಒತ್ತಿ ಹಿಡಿಯಿರಿ. ಒಂದು ನಿಮಿಷದಲ್ಲಿ ಇಳಿಯುತ್ತದಾ ನೋಡಿ. ಆಮೇಲೆ ಜೋರಾಗಿ ಒತ್ತಿ ಹಿಡಿಯಿರಿ. ಹಗುರವಾಗಿ ಒತ್ತಿದಾಗ ಇಳಿದು, ಜೋರಾಗಿ ಒತ್ತಿದಾಗ ನಿಂತರೆ ಕಪ್ ಸವೆದಿರುವ ಲಕ್ಷಣ. ಒತ್ತಡ ಜಾಸ್ತಿಯಾದಾಗ ಅಂಚು ಗೋಡೆಗೆ ಇನ್ನೂ ಬಿಗಿಯಾಗಿ ಅಂಟುತ್ತದೆ, ಅದಕ್ಕೆ ಹಾಗಾಗುವುದು. ಎರಡು ರೀತಿಯಲ್ಲೂ ಇಳಿದರೆ ಕಪ್ ಹರಿದೇ ಇದೆ ಅಂದುಕೊಳ್ಳಿ. ಇನ್ನೊಂದು ಮಾತು, ಪೆಡಲ್ ಒತ್ತಿಕೊಂಡು ಎಂಜಿನ್ ಸ್ಟಾರ್ಟ್ ಮಾಡಿದಾಗ ಅದು ಸ್ವಲ್ಪ ಕೆಳಗೆ ಹೋಗಿ ನಿಲ್ಲುತ್ತದೆ. ಅದು ಬೂಸ್ಟರ್ ಕೆಲಸ ಮಾಡುವ ಗುರುತು, ದೋಷವಲ್ಲ.

ಇದು ಪ್ಯಾಡ್ ಹಾಕಿದ ಮೇಲೆ ಯಾಕೆ ಶುರುವಾಯಿತು? ದಿನಾ ಓಡಿಸುವಾಗ ಪೆಡಲ್ ಅರ್ಧದಷ್ಟೂ ಹೋಗುವುದಿಲ್ಲ. ಅಂದರೆ ಪಿಸ್ಟನ್ ಬೋರಿನ ಹಿಂದಿನ ಭಾಗದಲ್ಲೇ ಓಡಾಡುತ್ತಿರುತ್ತದೆ. ಆ ಭಾಗ ಕನ್ನಡಿಯ ಹಾಗಿರುತ್ತದೆ. ಅದರಾಚೆಯ ಭಾಗವನ್ನು ವರ್ಷಗಟ್ಟಲೆ ಯಾರೂ ಮುಟ್ಟಿರುವುದಿಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ನಿಮ್ಮ ಕಡೆಯ ಮಳೆಗಾಲ ಗೊತ್ತೇ ಇದೆ ಅಲ್ವಾ. ಆ ತೇವದಿಂದ ಅಲ್ಲಿ ಸಣ್ಣ ಸಣ್ಣ ಗುಳಿ, ಕಿಟ್ಟ, ಕರಿ ಗಸಿ ಕೂತಿರುತ್ತದೆ. ನೀವು ಪೆಡಲನ್ನು ಕೆಳಗಿನವರೆಗೆ ತುಳಿದಾಗ ಹದಿನೈದು ವರ್ಷದ ಹಳೇ ರಬ್ಬರ್ ಆ ಉಪ್ಪುಕಾಗದದಂಥ ಗೋಡೆಯ ಮೇಲೆ ಹತ್ತು ಸಲ ಉಜ್ಜಿಕೊಂಡು ಹೋಯಿತು. ಇದನ್ನು ನಿಮ್ಮ ತಪ್ಪು ಅಂತ ಹೇಳುತ್ತಿಲ್ಲ. ಗ್ಯಾರೇಜುಗಳಲ್ಲೂ ಹೀಗೇ ಮಾಡುತ್ತಾರೆ. ಮುಂದಿನ ಸಲ ಪ್ಯಾಡ್ ಹಾಕಿದಾಗ ಪೆಡಲನ್ನು ಅರ್ಧದಷ್ಟೇ, ನಿಧಾನವಾಗಿ, ಇಪ್ಪತ್ತು ಮೂವತ್ತು ಸಲ ಒತ್ತಿ. ಪೆಡಲ್ ಕೆಳಗೆ ಒಂದು ಮರದ ತುಂಡು ಇಟ್ಟರೆ ಇನ್ನೂ ಒಳ್ಳೆಯದು.

ಈಗ ಕಿಟ್ ವಿಷಯ. ಕಿಟ್ ಅಂದರೆ ಹೊಸ ರಬ್ಬರ್‌ಗಳು ಮಾತ್ರ. ಗೋಡೆಯಲ್ಲಿ ಗುಳಿ ಇದ್ದರೆ ಹೊಸ ರಬ್ಬರೂ ಹರಿಯುತ್ತದೆ. ನಾನು ಕೆಲಸ ಕಲಿಯುವ ಕಾಲದಲ್ಲಿ ಇಂಥದ್ದೇ ಒಂದು ಗಾಡಿಗೆ ಕಿಟ್ ಹಾಕಿ ಕಳಿಸಿದ್ದೆ. ಎರಡು ತಿಂಗಳಿಗೆ ವಾಪಸ್ ಬಂತು. ಬಿಚ್ಚಿದರೆ ಹೊಸ ಕಪ್ಪಿನ ಅಂಚಿನಲ್ಲಿ ಉಗುರಿನಷ್ಟು ಉದ್ದಕ್ಕೆ, ಕೂದಲೆಳೆಯಷ್ಟು ಸಣ್ಣ ಸೀಳು. ಬೋರಿನೊಳಗೆ ಕಿರುಬೆರಳು ಹಾಕಿ ಸವರಿದಾಗ ಒಂದೇ ಒಂದು ಕಡೆ ಉಗುರಿಗೆ ತಡೆಯಿತು. ಅಷ್ಟು ಸಣ್ಣ ಗುಳಿ ಸಾಕು. ಮೊದಲು ಎರಕದ ಕಬ್ಬಿಣದ ಸಿಲಿಂಡರ್ ಬರುತ್ತಿದ್ದಾಗ ಬೋರನ್ನು ಸಣ್ಣಗೆ ಉಜ್ಜಿ ನಯ ಮಾಡಿ ಕಿಟ್ ಹಾಕುತ್ತಿದ್ದರು. ಅಲ್ಯೂಮಿನಿಯಂ ಬಾಡಿಗೆ ಅದು ನಡೆಯುವುದಿಲ್ಲ. ಅದರ ಒಳಗೋಡೆಗೆ ಗಟ್ಟಿ ಲೇಪ ಇರುತ್ತದೆ, ಎಮರಿ ಕಾಗದ ಹಾಕಿದರೆ ಲೇಪ ಹೋಗಿ ಮೆತ್ತಗಿನ ಲೋಹ ಹೊರಗೆ ಬರುತ್ತದೆ. ಹಾಗಾಗಿ ನನ್ನ ಮಾತು ಇಷ್ಟೇ: ಪೂರ್ತಿ ಹೊಸ ಸಿಲಿಂಡರ್ ಹಾಕಿ. ಬೇರೆ ಎಲ್ಲಿ ಬೇಕಾದರೂ ದುಡ್ಡು ಉಳಿಸಿ, ಇಲ್ಲಿ ಬೇಡ.

ಕೊಳ್ಳುವಾಗ ಹಳೆಯದರ ಬೋರ್ ಅಳತೆಯೇ ಇರಲಿ. ಸುಮಾರಾಗಿ ಕೂತರೆ ಸಾಕು ಅನ್ನಬೇಡಿ. ಒಂದು ಲೆಕ್ಕ ನೋಡಿ. 20.6 ಮಿಮೀ ಬೋರ್ ಇರಬೇಕಾದ ಕಡೆ 22.2 ಮಿಮೀ ಹಾಕಿದರೆ ಪಿಸ್ಟನ್ನಿನ ವಿಸ್ತೀರ್ಣ ಸುಮಾರು ಶೇಕಡಾ 16 ಜಾಸ್ತಿ. ಅದೇ ಒತ್ತಡ ಬರಬೇಕಾದರೆ ಕಾಲಿನಿಂದ ಅಷ್ಟೇ ಜಾಸ್ತಿ ಒತ್ತಬೇಕು. ಕಣ್ಣಿಗೆ ವ್ಯತ್ಯಾಸವೇ ಕಾಣದ ಎರಡು ಸಿಲಿಂಡರ್‌ಗಳು ಕಾಲಿಗೆ ಬೇರೆ ಬೇರೆ ಗಾಡಿಯ ಹಾಗಿರುತ್ತವೆ. ಚಾಸಿಸ್ ನಂಬರ್ ಕೊಟ್ಟು ಪಾರ್ಟ್ ನಂಬರ್ ತೆಗೆಸಿ, ಬಿಲ್ ಹಾಕಿಸಿಕೊಂಡು ತನ್ನಿ.

ಆಯಿಲ್ ಯಾವುದು ಎಂದು ಡಬ್ಬಿಯ ಮುಚ್ಚಳದ ಮೇಲೇ ಬರೆದಿರುತ್ತದೆ, ಡಾಟ್ 3 ಅಥವಾ ಡಾಟ್ 4. ಡಾಟ್ 3 ಬರೆದಿದ್ದರೂ ಡಾಟ್ 4 ಹಾಕಬಹುದು, ಘಾಟಿಯವರಿಗೆ ಅದನ್ನೇ ಹೇಳುತ್ತೇನೆ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಡಾಟ್ 4 ಆದರೆ 230. ಆದರೆ ಶೇಕಡಾ 3.7ರಷ್ಟು ನೀರು ಸೇರಿದ ಮೇಲೆ ಈ ಮಿತಿ 140 ಮತ್ತು 155ಕ್ಕೆ ಇಳಿಯುತ್ತದೆ. ಘಾಟಿ ಇಳಿಯುತ್ತಾ ಬ್ರೇಕ್ ಕಾದಾಗ ಹಳೇ ಆಯಿಲ್ ಕುದಿದು ಆವಿಯಾಗುವುದು ಇದಕ್ಕೇ. ಆವಿ ಒತ್ತಿದರೆ ಕುಗ್ಗುತ್ತದೆ, ಪೆಡಲ್ ಸುಮ್ನೆ ಕೆಳಗೆ ಹೋಗುತ್ತದೆ. ಡಾಟ್ 5 ಮಾತ್ರ ಬೇಡ, ಅದು ಸಿಲಿಕಾನ್ ಆಯಿಲ್, ಇದರ ಜೊತೆ ಸೇರುವುದಿಲ್ಲ. ಸೀಲ್ ಒಡೆಯದ ಅರ್ಧ ಲೀಟರಿನ ಎರಡು ಬಾಟಲಿ ತನ್ನಿ. ಮೂಲೆಯಲ್ಲಿ ಹೋದ ವರ್ಷ ಮುಚ್ಚಳ ತೆಗೆದಿಟ್ಟ ಬಾಟಲಿ ಇದ್ದರೆ ಅದನ್ನು ಬಳಸಬೇಡಿ. ಎಂಜಿನ್ ಆಯಿಲ್, ಪವರ್ ಸ್ಟೀರಿಂಗ್ ಆಯಿಲ್, ಡೀಸೆಲ್, ಸೀಮೆಎಣ್ಣೆ ಇವುಗಳಲ್ಲಿ ಒಂದು ಚಮಚ ಒಳಗೆ ಹೋದರೂ ರಬ್ಬರ್ ಎಲ್ಲ ಊದಿಕೊಳ್ಳುತ್ತವೆ. ಆಗ ನಾಲ್ಕೂ ಚಕ್ರದ ರಬ್ಬರ್, ಹೋಸ್ ಎಲ್ಲ ತೆಗೆಯಬೇಕಾಗುತ್ತದೆ. ಒರೆಸುವ ಬಟ್ಟೆ ಕೂಡ ಹೊಸದಿರಲಿ.

ಮನೆಯಲ್ಲಿ ಮಾಡಬಹುದಾ ಅಂದರೆ, ಪ್ಯಾಡ್ ಹಾಕಿದ ಕೈಗೆ ಇದು ಸಾಧ್ಯ. ಆದರೆ ಒಂದು ಷರತ್ತು. ಫ್ಲೇರ್ ಸ್ಪ್ಯಾನರ್ ಇಲ್ಲದೆ ಕೈ ಹಾಕಬೇಡಿ. ಬ್ರೇಕ್ ಪೈಪಿನ ನಟ್ಟು ಮೆತ್ತಗಿರುತ್ತದೆ. ಮಾಮೂಲಿ ಸ್ಪ್ಯಾನರ್ ಎರಡು ಮುಖ ಮಾತ್ರ ಹಿಡಿಯುತ್ತದೆ, ಜಾರಿದರೆ ಮೂಲೆ ಸವೆದು ನಟ್ಟು ಗುಂಡಗಾಗುತ್ತದೆ. ಫ್ಲೇರ್ ಸ್ಪ್ಯಾನರಿನ ಬಾಯಿಯಲ್ಲಿ ಪೈಪ್ ತೂರುವಷ್ಟೇ ಸಂದು, ಉಳಿದ ಕಡೆ ಪೂರ್ತಿ ತಬ್ಬಿಕೊಳ್ಳುತ್ತದೆ. ಸಾಮಾನ್ಯವಾಗಿ 10 ಮಿಮೀ ಆಗುತ್ತದೆ. ಬ್ಲೀಡರ್ ನಿಪ್ಪಲ್‌ಗೆ, ಅಂದರೆ ಪ್ರತಿ ಚಕ್ರದ ಬ್ರೇಕಿನಲ್ಲಿ ಗಾಳಿ ಬಿಡಲು ಇರುವ ಸಣ್ಣ ತಿರುಪಿಗೆ, ಗಾಡಿ ನೋಡಿಕೊಂಡು 8 ಅಥವಾ 10ರ ರಿಂಗ್ ಸ್ಪ್ಯಾನರ್. ಮೆಡಿಕಲ್ ಶಾಪಿನಿಂದ ಒಂದು ದೊಡ್ಡ ಸಿರಿಂಜ್, ನಿಪ್ಪಲ್‌ಗೆ ಬಿಗಿಯಾಗಿ ಕೂರುವ ಪಾರದರ್ಶಕ ಟ್ಯೂಬ್, ಒಂದು ಬಾಟಲಿ, ಕಣ್ಣಿಗೆ ಕನ್ನಡಕ, ಬಕೆಟ್ ನೀರು. ನೀರು ಯಾಕೆಂದರೆ ಬ್ರೇಕ್ ಆಯಿಲ್ ಬಿದ್ದ ಕಡೆ ಪೇಂಟ್ ಸುಲಿಯುತ್ತದೆ. ಬಿದ್ದ ತಕ್ಷಣ ನೀರು ಸುರಿದರೆ ಹೋಗುತ್ತದೆ, ಒಣ ಬಟ್ಟೆಯಲ್ಲಿ ಉಜ್ಜಿದರೆ ಇನ್ನೂ ಹರಡುತ್ತದೆ.

ಕೆಲಸದ ಹಿಂದಿನ ದಿನ ನಾಲ್ಕೂ ನಿಪ್ಪಲ್‌ಗಳ ಬುಡಕ್ಕೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಬೆಳಿಗ್ಗೆ ನಾಲ್ಕೂ ಸಡಿಲವಾಗುತ್ತವೆ ಎಂದು ನೋಡಿಕೊಂಡ ಮೇಲೆಯೇ ಸಿಲಿಂಡರ್ ಬಿಚ್ಚಿ. ಇಲ್ಲದಿದ್ದರೆ ಸಿಲಿಂಡರ್ ಹಾಕಿಯಾದ ಮೇಲೆ ಒಂದು ನಿಪ್ಪಲ್ ಮುರಿದು ಗಾಡಿ ಅಂಗಳದಲ್ಲೇ ಕೂರುತ್ತದೆ.

ಬಿಚ್ಚುವುದು ಕಷ್ಟವಲ್ಲ. ಡಬ್ಬಿಯ ಆಯಿಲನ್ನು ಸಿರಿಂಜಿನಲ್ಲಿ ಎಳೆದು ತೆಗೆಯಿರಿ, ಕೆಳಗೆ ಬಟ್ಟೆ ತುರುಕಿ, ವೈರಿನ ಸಾಕೆಟ್ ಬಿಡಿಸಿ. ಸಿಲಿಂಡರ್ ಬೂಸ್ಟರಿಗೆ ಬಿಗಿಯಾಗಿರುವಾಗಲೇ ಪೈಪಿನ ನಟ್ಟುಗಳನ್ನು ಬಿಚ್ಚಿ. ಪೈಪಿನ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ, ಕಸ ಹೋಗಬಾರದು. ಆಮೇಲೆ ಹಿಂದಿನ ಎರಡು ನಟ್ಟು ತೆಗೆದು ಸಿಲಿಂಡರನ್ನು ನೇರವಾಗಿ ಮುಂದಕ್ಕೆ ಎಳೆಯಿರಿ. ಸಿಲಿಂಡರ್ ಹೊರಗಿರುವಾಗ ಯಾರೂ ಪೆಡಲ್ ಮುಟ್ಟಬಾರದು. ಮಗನಿಗೆ ಮೊದಲೇ ಹೇಳಿಡಿ. ತುಳಿದರೆ ಬೂಸ್ಟರಿನ ಕಡ್ಡಿ ಮುಂದೆ ಬಂದು ಒಳಗಿನ ರಬ್ಬರ್ ಬಿಲ್ಲೆ ಜಾಗ ಬಿಟ್ಟು ಬೀಳಬಹುದು. ಬೂಸ್ಟರಿನ ಬಾಯಿಯಲ್ಲಿ ಬೆರಳಿಟ್ಟು ನೋಡಿ. ಒಣಗಿದ್ದರೆ ಸರಿ. ಆಯಿಲ್ ಕೈಗೆ ಹತ್ತಿದರೆ ಹಿಂದಿನ ಸೀಲೂ ಸೋರುತ್ತಿತ್ತು ಎಂದರ್ಥ, ಪೂರ್ತಿ ಒರೆಸಿ. ಬೂಸ್ಟರಿನೊಳಗೆ ಆಯಿಲ್ ನಿಂತಿದ್ದರೆ ಅದರ ಡಯಾಫ್ರಮ್ ಹಾಳಾಗುತ್ತದೆ, ಆಗ ಗ್ಯಾರೇಜಿನವರಿಗೆ ತೋರಿಸಿ.

ಹೊಸ ಸಿಲಿಂಡರ್ ಜೊತೆ ಡಬ್ಬಿ ಬರದಿದ್ದರೆ ಹಳೆಯದನ್ನು ತೊಳೆದು, ಚೆನ್ನಾಗಿ ಒಣಗಿಸಿ, ಹೊಸ ಗ್ರೋಮೆಟ್‌ಗೆ (ಡಬ್ಬಿ ಸಿಲಿಂಡರಿಗೆ ಕೂರುವ ಕಡೆಯ ರಬ್ಬರ್) ಬ್ರೇಕ್ ಆಯಿಲ್ ಸವರಿ ಒತ್ತಿ ಕೂರಿಸಿ. ಗ್ರೀಸ್ ಬೇಡ.

ಇನ್ನು ಮುಂದಿನ ಕೆಲಸವನ್ನು ತುಂಬಾ ಜನ ಬಿಡುತ್ತಾರೆ. ಹೊಸ ಸಿಲಿಂಡರನ್ನು ಗಾಡಿಗೆ ಹಾಕುವ ಮೊದಲೇ ಅದರೊಳಗಿನ ಗಾಳಿ ತೆಗೆಯಬೇಕು. ನಾನೂ ಒಮ್ಮೆ ಬಿಟ್ಟಿದ್ದೆ. ಮಧ್ಯಾಹ್ನದಿಂದ ಕತ್ತಲಾಗುವವರೆಗೆ ನಾಲ್ಕು ಚಕ್ರ ಸುತ್ತಿ ಸುತ್ತಿ ಏರ್ ತೆಗೆದೆ, ಒಂದೂವರೆ ಲೀಟರ್ ಆಯಿಲ್ ಹೋಯಿತು, ಪೆಡಲ್ ಮಾತ್ರ ನೆನೆದ ಸ್ಪಂಜಿನ ಹಾಗೇ ಇತ್ತು. ಸಿಲಿಂಡರಿನ ಮೂತಿ ಸ್ವಲ್ಪ ಮೇಲಕ್ಕೆ ಇದ್ದರೆ ಗಾಳಿ ಅಲ್ಲೇ ಹೋಗಿ ಕೂರುತ್ತದೆ. ತುಳಿದಾಗ ಕುಗ್ಗುತ್ತದೆ, ಬಿಟ್ಟಾಗ ಹಿಗ್ಗುತ್ತದೆ, ಚಕ್ರದವರೆಗೆ ಬರುವುದೇ ಇಲ್ಲ.

ಮೇಜಿನ ಮೇಲೆ ವೈಸ್ ಇದ್ದರೆ ಸಿಲಿಂಡರಿನ ಕಿವಿಯನ್ನು ಹಿಡಿಸಿ, ನಡುವಿನ ದೇಹವನ್ನು ಹಿಡಿಸಬೇಡಿ, ಬೋರ್ ಸೊಟ್ಟಗಾಗುತ್ತದೆ. ಪೈಪ್ ಕೂರುವ ತೂತುಗಳಿಗೆ ಸರಿಹೊಂದುವ ಪ್ಲಾಸ್ಟಿಕ್ ನಿಪ್ಪಲ್ ಹಾಕಿ, ಅದರಿಂದ ಸಣ್ಣ ಟ್ಯೂಬ್ ಬಾಗಿಸಿ ಡಬ್ಬಿಯ ಆಯಿಲಿನೊಳಗೆ ಮುಳುಗಿಸಿ. ತುದಿ ಮೊಂಡಾದ ಮರದ ಕಡ್ಡಿಯಿಂದ ಪಿಸ್ಟನ್ನನ್ನು ನಿಧಾನವಾಗಿ ಒಳಗೆ ತಳ್ಳಿ, ಅಷ್ಟೇ ನಿಧಾನವಾಗಿ ಬಿಡಿ. ಮೊದಲು ದೊಡ್ಡ ಗುಳ್ಳೆಗಳು ಬುಳಬುಳ ಬರುತ್ತವೆ. ಆಮೇಲೆ ಸಾಸಿವೆ ಕಾಳಿನಷ್ಟು. ಆಮೇಲೆ ರವೆಯ ಹಾಗೆ ಸಣ್ಣವು ಟ್ಯೂಬಿನ ಗೋಡೆಗೆ ಅಂಟಿಕೊಂಡು ಬರುತ್ತವೆ. ಅವಸರ ಮಾಡಿದರೆ ಇವೇ ಉಳಿದುಬಿಡುತ್ತವೆ. ಎರಡು ನಿಮಿಷ ಬಿಟ್ಟು ಮತ್ತೆ ತಳ್ಳಿ. ಒಂದು ಗುಳ್ಳೆಯೂ ಇಲ್ಲದೆ ಸತತ ಹತ್ತು ಸಲ ಆಯಿಲ್ ಬಂದರೆ ಮುಗಿಯಿತು. ಆ ಹಂತದಲ್ಲಿ ಪಿಸ್ಟನ್ ತಳ್ಳುವಾಗ ಕೈಗೆ ಸಿಗುವ ಗಟ್ಟಿತನವೇ ಬೇರೆ.

ಕೂರಿಸುವಾಗ ಬೂಸ್ಟರ್ ಕಡೆಯ ಹೊಸ ರಬ್ಬರ್ ರಿಂಗ್ ಮರೆಯಬೇಡಿ. ಹಿಂದಿನ ನಟ್ಟುಗಳನ್ನು ಸಡಿಲವಾಗಿಟ್ಟು, ಮೊದಲು ಪೈಪಿನ ನಟ್ಟುಗಳನ್ನು ಬೆರಳಿನಿಂದಲೇ ಮೂರು ನಾಲ್ಕು ಸುತ್ತು ಹತ್ತಿಸಿ. ಸಿಲಿಂಡರ್ ಆಚೀಚೆ ಅಲ್ಲಾಡುವಷ್ಟು ಸಡಿಲ ಇದ್ದರೆ ಪೈಪ್ ನೇರಕ್ಕೆ ಸಿಗುತ್ತದೆ. ಬೆರಳಿಗೆ ಬಿಗಿ ಅನಿಸಿದರೆ ಎಳೆ ತಪ್ಪಿದೆ ಎಂದರ್ಥ. ಬಿಚ್ಚಿ ಮತ್ತೆ ಹಿಡಿಯಿರಿ, ಸ್ಪ್ಯಾನರ್ ಹಾಕಿ ಬಲವಂತ ಮಾಡಬೇಡಿ. ಆಮೇಲೆ ಎಲ್ಲ ಬಿಗಿ ಮಾಡಿ.

ಏರ್ ತೆಗೆಯುವುದಕ್ಕೆ ನಾಲ್ಕೂ ಚಕ್ರ ಕಳಚಿ, ಗಾಡಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ. ಸಾಮಾನ್ಯ ಪದ್ಧತಿ ಸಿಲಿಂಡರಿಗೆ ತುಂಬಾ ದೂರದ ಚಕ್ರದಿಂದ ಶುರು ಮಾಡುವುದು. ನಮ್ಮಲ್ಲಿ ಸ್ಟೀರಿಂಗ್ ಬಲಗಡೆ, ಹಾಗಾಗಿ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಕೆಲವು ಗಾಡಿಗಳಲ್ಲಿ ಒಂದು ಮುಂದಿನ ಚಕ್ರ ಮತ್ತು ಅದಕ್ಕೆ ಎದುರು ಮೂಲೆಯ ಹಿಂದಿನ ಚಕ್ರ ಒಂದೇ ಸಾಲಿನಲ್ಲಿರುತ್ತವೆ, ಅವುಗಳ ಕ್ರಮ ಬೇರೆ ಇರಬಹುದು. ಮ್ಯಾನುಯಲ್ ಹೇಳಿದ ಕ್ರಮವೇ ಕೊನೆಯ ಮಾತು.

ಮಗನನ್ನು ಸೀಟಿನಲ್ಲಿ ಕೂರಿಸಿ, ಎಂಜಿನ್ ಬಂದ್. ನೀವು ಚಕ್ರದ ಹತ್ತಿರ. ನಿಪ್ಪಲ್‌ಗೆ ಮೊದಲು ಸ್ಪ್ಯಾನರ್, ಅದರ ಮೇಲೆ ಟ್ಯೂಬ್, ಟ್ಯೂಬಿನ ತುದಿ ಬಾಟಲಿಯಲ್ಲಿರುವ ಆಯಿಲಿನಲ್ಲಿ ಮುಳುಗಿರಲಿ. ಇಬ್ಬರ ನಡುವೆ ಎರಡೇ ಮಾತು ಇಟ್ಟುಕೊಳ್ಳಿ, "ಒತ್ತು", "ಬಿಡು". ನೀವು "ಒತ್ತು" ಅಂದಾಗ ಅವನು ನಿಧಾನವಾಗಿ ಒತ್ತಿ ಹಿಡಿದು "ಒತ್ತಿದೆ" ಅನ್ನಬೇಕು. ಆಗ ನೀವು ನಿಪ್ಪಲ್ ಅರ್ಧ ಸುತ್ತು ಬಿಡಿಸಿ. ಆಯಿಲ್ ಬರುತ್ತದೆ, ಪೆಡಲ್ ಇಳಿಯುತ್ತದೆ. ಆಯಿಲಿನ ಓಟ ನಿಲ್ಲುವ ಮೊದಲೇ ನಿಪ್ಪಲ್ ಬಿಗಿ ಮಾಡಿ. ಆಮೇಲಷ್ಟೇ "ಬಿಡು". ನಿಪ್ಪಲ್ ತೆರೆದಿರುವಾಗ ಅವನು ಕಾಲು ತೆಗೆದರೆ ಎಳೆಗಳ ಸಂದಿನಿಂದ ಗಾಳಿ ಒಳಗೆ ಬರುತ್ತದೆ, ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಪೆಡಲನ್ನು ಪಟಪಟ ಪಂಪ್ ಮಾಡುವುದೂ ಬೇಡ. ಗಾಳಿ ಸಣ್ಣ ನೊರೆಯಾಗಿ ಒಡೆದುಹೋದರೆ ಹೊರಗೆ ತರುವುದು ಕಷ್ಟ.

ಐದಾರು ಸಲಕ್ಕೊಮ್ಮೆ ಡಬ್ಬಿ ನೋಡಿ ತುಂಬಿಸುತ್ತಿರಿ. ಖಾಲಿಯಾದರೆ ಮೊದಲಿನಿಂದ ಶುರು. ಗುಳ್ಳೆ ನಿಂತರೂ ನಿಲ್ಲಿಸಬೇಡಿ, ಟ್ಯೂಬಿನಲ್ಲಿ ಬರುವ ಕಾಫಿ ಬಣ್ಣದ ಹಳೇ ಆಯಿಲ್ ಹೋಗಿ ಹೊಸ ಆಯಿಲಿನ ತಿಳಿ ಬಣ್ಣ ಕಾಣುವವರೆಗೆ ತೆಗೆಯಿರಿ. ಹೇಗೂ ಎರಡು ವರ್ಷಕ್ಕೊಮ್ಮೆ ಮಾಡಬೇಕಾದ ಕೆಲಸ ಅದು.

ಎಬಿಎಸ್, ಅಂದರೆ ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ, ಇರುವ ಗಾಡಿಯವರಿಗೆ ಒಂದು ಮಾತು. 2019ರ ಏಪ್ರಿಲ್‌ನಿಂದ ನಮ್ಮ ದೇಶದ ಹೊಸ ಕಾರುಗಳಲ್ಲಿ ಅದು ಕಡ್ಡಾಯ. ಎಬಿಎಸ್ ಪಂಪಿನೊಳಗೆ ಗಾಳಿ ಹೋದರೆ ಕೆಲವು ಗಾಡಿಗಳಲ್ಲಿ ಸ್ಕ್ಯಾನರ್ ಹಚ್ಚಿ ಪಂಪ್ ಓಡಿಸದೆ ಅದು ಬರುವುದಿಲ್ಲ. ಅಂಥ ಗಾಡಿಯನ್ನು ಆ ಸಲಕರಣೆ ಇರುವ ಕಡೆಗೇ ಕೊಡಿ.

ಈಗ ಪೆಡಲ್ ಪರೀಕ್ಷೆ. ಗಟ್ಟಿಯಾಗಿದೆ ಆದರೆ ತುಂಬಾ ಕೆಳಗೆ ಸಿಗುತ್ತದೆ ಅಂದರೆ ಹಿಂದಿನ ಡ್ರಮ್ಮಿನ ಶೂಗಳು ದೂರ ಇವೆ, ಅಡ್ಜಸ್ಟ್ ಮಾಡಿ. ಸ್ಪಂಜಿನ ಹಾಗಿದ್ದರೆ ಇನ್ನೂ ಗಾಳಿ ಇದೆ. ಎಷ್ಟು ತೆಗೆದರೂ ಹೋಗದಿದ್ದರೆ ಯಾರಾದರೂ ಬ್ರೇಕ್ ಒತ್ತಿದಾಗ ಮುಂದಿನ ಹೋಸುಗಳನ್ನು ಕೈಯಲ್ಲಿ ಹಿಡಿದು ನೋಡಿ. ಹಳೇ ರಬ್ಬರ್ ಊದುವುದು ಕೈಗೆ ಗೊತ್ತಾಗುತ್ತದೆ. ಕಲ್ಲಿನ ಹಾಗೆ ಗಟ್ಟಿಯಿದ್ದು, ಎಂಜಿನ್ ಸ್ಟಾರ್ಟ್ ಮಾಡಿದರೂ ಹಗುರಾಗದಿದ್ದರೆ ಬೂಸ್ಟರಿನ ವ್ಯಾಕ್ಯೂಮ್ ಪೈಪ್ ನೋಡಿ.

ಇನ್ನೊಂದು ತೊಂದರೆ ಸ್ವಲ್ಪ ದೂರ ಓಡಿಸಿದ ಮೇಲೆ ಗೊತ್ತಾಗುವುದು. ಬೂಸ್ಟರಿನ ಕಡ್ಡಿಗೂ ಹೊಸ ಪಿಸ್ಟನ್ನಿಗೂ ನಡುವೆ ಕೂದಲೆಳೆಯಷ್ಟು ಸಂದು ಇರಬೇಕು. ಕಡ್ಡಿ ಉದ್ದವಾಗಿದ್ದರೆ ಪಿಸ್ಟನ್ ಪೂರ್ತಿ ಹಿಂದೆ ಬರುವುದಿಲ್ಲ, ಆಯಿಲ್ ಡಬ್ಬಿಗೆ ವಾಪಸ್ ಹೋಗುವ ಸಣ್ಣ ತೂತು ಮುಚ್ಚಿಯೇ ಇರುತ್ತದೆ. ಬ್ರೇಕ್ ಕಾದಂತೆ ಆಯಿಲ್ ಹಿಗ್ಗುತ್ತದೆ, ಹೋಗಲು ದಾರಿ ಇಲ್ಲ, ಚಕ್ರಗಳು ತಾವೇ ಹಿಡಿದುಕೊಳ್ಳುತ್ತವೆ. ಪೆಡಲ್ ಮೇಲಕ್ಕೆ ಬರುತ್ತಾ ಹೋಗುತ್ತದೆ, ಗಾಡಿ ಎಳೆಯುವುದಿಲ್ಲ, ಸುಟ್ಟ ವಾಸನೆ ಬರುತ್ತದೆ. ಹಾಗಾದರೆ ಸಮತಟ್ಟಾದ ಕಡೆ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಸಿಲಿಂಡರಿನ ಹಿಂದಿನ ಎರಡು ನಟ್ಟುಗಳನ್ನು ಎರಡು ಸುತ್ತು ಸಡಿಲ ಮಾಡಿ. ತಕ್ಷಣ ಚಕ್ರ ಬಿಟ್ಟುಕೊಂಡರೆ ಕಡ್ಡಿಯೇ ಕಾರಣ. ಆ ಸಂದನ್ನು ಅಳೆದು ಹೊಂದಿಸುವುದು ಅನುಭವಸ್ಥರ ಕೆಲಸ, ಮೆಕ್ಯಾನಿಕ್ಕನ್ನು ಮನೆಗೇ ಕರೆಸಿ. ಸರಿಯಾದ ಪಾರ್ಟ್ ನಂಬರಿನ ಸಿಲಿಂಡರ್ ತಂದಿದ್ದರೆ ಈ ಕಷ್ಟ ಬರುವುದು ಕಡಿಮೆ.

ಮೊದಲ ಓಟಕ್ಕೆ ಮುಂಚೆ ಹ್ಯಾಂಡ್ ಬ್ರೇಕ್ ಸರಿಯಾಗಿ ಹಿಡಿಯುತ್ತದಾ ನೋಡಿ. ಅದು ಕೇಬಲ್ ಮೇಲೆ ನಡೆಯುವುದರಿಂದ ಆಯಿಲ್ ಕೈಕೊಟ್ಟರೂ ಇರುತ್ತದೆ. ಖಾಲಿ ಮೈದಾನದಲ್ಲಿ ನಡಿಗೆಯ ವೇಗದಲ್ಲಿ ಹತ್ತು ಸಲ ನಿಲ್ಲಿಸಿ, ಆಮೇಲೆ 20, ಆಮೇಲೆ 40 ಕಿಲೋಮೀಟರ್ ವೇಗದಲ್ಲಿ. ವಾಪಸ್ ಬಂದು ಪೆಡಲನ್ನು ಎರಡು ನಿಮಿಷ ಒತ್ತಿ ಹಿಡಿಯಿರಿ. ಅಷ್ಟು ಹೊತ್ತಿನಲ್ಲಿ ಪೈಪಿನ ನಟ್ಟುಗಳು, ನಾಲ್ಕು ನಿಪ್ಪಲ್‌ಗಳು, ಬೂಸ್ಟರಿನ ಅಂಚು ಇಷ್ಟನ್ನೂ ಮಗ ಒಣ ಟಿಶ್ಯೂ ಕಾಗದದಿಂದ ಒರೆಸಿ ನೋಡಲಿ. ಹಳೇ ಆಯಿಲನ್ನು ಚರಂಡಿಗೆ, ತೋಟಕ್ಕೆ ಚೆಲ್ಲಬೇಡಿ. ಬಾಟಲಿಗೆ ತುಂಬಿ, ಹೆಸರು ಬರೆದು, ಹಳೇ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ.

ಧರ್ಮಸ್ಥಳಕ್ಕೆ ಹೋಗುವ ಮೊದಲು ಕನಿಷ್ಠ ನಾಲ್ಕೈದು ದಿನ ಊರಿನ ರಸ್ತೆಯಲ್ಲೇ ಓಡಿಸಿ. ಪ್ರತಿದಿನ ಬೆಳಿಗ್ಗೆ ಗಾಡಿ ತೆಗೆಯುವ ಮೊದಲು ಡಬ್ಬಿಯ ಮಟ್ಟ ನೋಡಿ, ಮೊದಲ ತುಳಿತದಲ್ಲೇ ಪೆಡಲ್ ಗಟ್ಟಿಯಿದೆಯಾ ನೋಡಿ. ಮಟ್ಟಕ್ಕೆ ಡಬ್ಬಿಯ ಮೇಲೆ ಪೆನ್ನಿನಲ್ಲಿ ಗೆರೆ ಹಾಕಿಡಿ. ಐದನೇ ದಿನವೂ ಆಯಿಲ್ ಆ ಗೆರೆಯಲ್ಲೇ ಇದ್ದರೆ ಹೊರಡಿ, ಘಾಟಿಯನ್ನು ಎರಡನೇ ಗೇರಿನಲ್ಲಿ ಇಳಿಯಿರಿ. ಒಂದು ಕೂದಲಿನಷ್ಟು ಇಳಿದಿದ್ದರೂ ಆ ದಿನ ಬಸ್ಸಿನಲ್ಲಿ ಹೋಗಿ ಬನ್ನಿ.